ಡಗ್ಗಾ ಕೇಳಿಸುವ ಸ್ಪೀಕರ್

ಶಿಕಾರಿಪುರದ ಶಾಲೆಯಲ್ಲಿ ಪಾಠ ಮಾಡಿ ಕೂಡಿಟ್ಟ ಎಂಟು ಸಾವಿರದಲ್ಲಿ ಸ್ಟೀರಿಯೊ ಕೊಳ್ಳುತ್ತೇನೆ ಎಂದಾಗ ಸೊರಬದ ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. "ಆ ದುಡ್ಡಲ್ಲಿ ಎರಡು ಬಳೆ ಬರ್ತವೆ ಕಣೇ" ಎಂದಳು ಅಮ್ಮ. ಬಳೆ ಹಾಡುವುದಿಲ್ಲವಲ್ಲ ಎಂದೆ. ತೊಂಬತ್ತರ ದಶಕದಲ್ಲಿ ಮದುವೆಯಾಗದ ಹುಡುಗಿಯ ಬಾಯಲ್ಲಿ ಅದು ದೊಡ್ಡ ಮಾತೇ.

ನನ್ನ ಲೆಕ್ಕ ಖಚಿತವಾಗಿತ್ತು. ಅರ್ಧ ದುಡ್ಡು ಸ್ಪೀಕರಿಗೆ, ಉಳಿದರ್ಧದಲ್ಲಿ ಆಂಪ್ಲಿಫೈಯರ್ ಮತ್ತು ಕ್ಯಾಸೆಟ್ ಡೆಕ್. ಸೀಡಿಯ ಆಸೆಯನ್ನು ಮೊದಲೇ ಬಿಟ್ಟಿದ್ದೆ, ನಮ್ಮೂರಲ್ಲಿ ಸೀಡಿ ಸಿಗಬೇಕಲ್ಲ! ಅಂಗಡಿಯವರು ಮಾತ್ರ ಬಣ್ಣದ ದೀಪಗಳ ಸೆಟ್ಟೊಂದನ್ನು ಮುಂದಿಟ್ಟು, "ಇದನ್ನ ತಗೊಳ್ರಿ ಟೀಚರ್, ಮನೆಗೆ ಬಂದೋರು ನೋಡ್ತಾರೆ" ಎಂದರು.

"ಬಂದೋರು ಕೇಳ್ಬೇಕ್ರೀ, ನೋಡೋದಲ್ಲ" ಎಂದೆ.

ಆದರೆ ಸ್ಟೆಬಿಲೈಸರಿಗೆ ದುಡ್ಡು ಉಳಿಯಲಿಲ್ಲ. ಸಂಜೆಯಾದರೆ ನಮ್ಮ ಬೀದಿಯ ಬಲ್ಬುಗಳು ಕೆಂಪಗಾಗುತ್ತಿದ್ದವು. ಹಾಗೆ ಏರಿಳಿಯುವ ವೋಲ್ಟೇಜಿಗೆ ಹೊಸ ಸೆಟ್ ಸುಟ್ಟುಹೋಗುವುದು ಗ್ಯಾರಂಟಿ. ಆಗ ಅಪ್ಪಾಜಿ ತಾವೇ ಮುಂದೆ ಬಂದು, "ಅದನ್ನ ನಾನು ಕೊಡಿಸ್ತೀನಿ" ಎಂದರು.

ಅವರ ಆಸಕ್ತಿ ಏನೆಂದು ನನಗೆ ಗೊತ್ತಿತ್ತು. ಬಟ್ಟೆ ಅಂಗಡಿಯ ಅಪ್ಪಾಜಿ ಭಜನೆಯಲ್ಲಿ ತಬಲಾ ನುಡಿಸುತ್ತಿದ್ದರು. ಹಾಡುತ್ತಿದ್ದವರು ಆನವಟ್ಟಿಯ ಅವರ ಬಾಲ್ಯದ ಗೆಳೆಯರೊಬ್ಬರು. ಹಿಂದಿನ ವರ್ಷ ಒಂದು ಗೃಹಪ್ರವೇಶದ ಭಜನೆಯಲ್ಲಿ ತಾಳ ತಪ್ಪಿತು. "ನೀನು ಹಿಂದೆ ಬಿದ್ದೆ" ಎಂದು ಗೆಳೆಯರು, "ನೀನು ಓಡಿದೆ" ಎಂದು ಅಪ್ಪಾಜಿ. ಅಷ್ಟಕ್ಕೇ ಇಬ್ಬರೂ ಮಾತು ಬಿಟ್ಟಿದ್ದರು. ಅವತ್ತಿನ ಭಜನೆಯನ್ನು ಮೈಕ್‌ ಸೆಟ್ಟಿನವನು ರೆಕಾರ್ಡ್ ಮಾಡಿ ಕ್ಯಾಸೆಟ್ ಕೊಟ್ಟಿದ್ದ. ಮನೆಯ ಪುಟ್ಟ ಟೇಪ್‌ರೆಕಾರ್ಡರಿನಲ್ಲಿ ಹಾಕಿದರೆ ಹಾಡು, ತಾಳದ ಝಣಝಣ ಬಿಟ್ಟು ಇನ್ನೇನೂ ಇಲ್ಲ. ಎಡಗೈಯ ಡಗ್ಗಾ ಅಂತೂ ಪೂರ್ತಿ ಮಾಯ. ನ್ಯಾಯ ತೀರ್ಮಾನವಾಗಲು ಅಪ್ಪಾಜಿಗೆ ದೊಡ್ಡ ಸ್ಪೀಕರ್ ಬೇಕಿತ್ತು.

ಸೆಟ್ ಬಂದ ದಿನ ಮೊದಲು ಹಾಕಿಸಿದ್ದು ಅದೇ ಕ್ಯಾಸೆಟ್. ಡಗ್ಗಾ ಗುಂಯ್ ಎಂದು ನಡುಮನೆ ತುಂಬಿತು. ನನಗೆ ಹಿಗ್ಗೋ ಹಿಗ್ಗು. ಅರ್ಧ ದುಡ್ಡು ಸುರಿದದ್ದು ಸಾರ್ಥಕವಾಗಿತ್ತು. ಅಪ್ಪಾಜಿ ಎದೆಯುಬ್ಬಿಸಿ ಕುಳಿತರು.

ಮೂರನೆಯ ಹಾಡಿನಲ್ಲಿ ಗೆಳೆಯರ ದನಿ ಸರಿಯಾದ ಜಾಗಕ್ಕೆ ಬಂದು ನಿಂತಿತು. ಡಗ್ಗಾ ಹಿಂದೆ ಬಿದ್ದು ಆಮೇಲೆ ಬಂತು. ಮುಂದಿನ ಸುತ್ತಿನಲ್ಲೂ ಆಮೇಲೆಯೇ. ತಬಲಾ ಕೇಳುತ್ತಲೇ ಬೆಳೆದ ನನಗೆ ಅನುಮಾನವೇ ಉಳಿಯಲಿಲ್ಲ. ಅಪ್ಪಾಜಿಯ ಮುಖ ನೋಡಿ ಸೆಟ್ ಆರಿಸಲು ಎದ್ದೆ.

"ಆರಿಸ್ಬೇಡ. ಇನ್ನೊಂದ್ ಸಲ ಹಾಕು."

ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಎದ್ದು ಅಂಗಿ ಸರಿಮಾಡಿಕೊಂಡು, "ಆನವಟ್ಟಿಗೆ ಫೋನ್ ಮಾಡು. ಹೊಸ ಸೆಟ್ ತಂದಿದೀನಿ, ಕೇಳೋಕೆ ಬರ್ಬೇಕಂತೆ ಅನ್ನು" ಎಂದರು.

"ತಾಳದ ವಿಷಯ ಕೇಳಿದ್ರೆ?"

"ಅದನ್ನ ನೀನು ಹೇಳ್ಬೇಡ. ನಾನೇ ಹೇಳ್ತೀನಿ."