ಹಾಲುಕ್ಕಿದ್ರೆ ಬೀಗದಕೈ

ಮಂಡ್ಯದ ಯೂನಿವರ್ಸಿಟೀಲಿ ಎಂ.ಎ.ಗೆ ಸೀಟು ಸಿಕ್ಕಿದ್ದೇ ತಡ, ನಾನು ಪೂರಿಗಾಲಿ ತುಂಬಾ ಡಂಗುರ ಸಾರ್ಬುಟ್ಟೆ. 'ನಾನಿನ್ನು ಮಂಡ್ಯದಲ್ಲೇ ಇರೋದು ಕಣ್ರಪ್ಪಾ!' ಗೋಡೆಗೆ ನೇತಾಕೋ ಕನ್ನಡಿ ತಂದೆ. ಬಟ್ಟೆ ಒಣಗಾಕಕ್ಕೆ ನೈಲಾನ್ ಹಗ್ಗ ತಂದೆ. ಕೆಂಪು ಬಕೀಟು ತಂದು, ಬೇಕಂತಲೇ ಅರಳಿಕಟ್ಟೆ ಮುಂದಿಂದ ಎರಡು ಸಲ ಓಡಾಡ್ದೆ. ಎಲ್ಲಾ ರೆಡಿ ಇತ್ತು, ರೂಮು ಒಂದು ಬುಟ್ಟು.

ರೂಮು ಹುಡುಕಕ್ಕೆ ಜೊತೇಲಿದ್ದೋನು ನನ್ನ ಮದ್ದೂರಿನ ಗೆಳೆಯ. ಅವನಿಗೂ ಅದೇ ಕ್ಲಾಸಲ್ಲಿ ಸೀಟು ಸಿಕ್ಕಿತ್ತು. ಅವನು ಮಾತು ಕಮ್ಮಿ, ಬುದ್ಧಿ ಜಾಸ್ತಿ. ನಂದು ಉಲ್ಟಾ. ಒಂದು ಮನೇಲಿ 'ಮದ್ವೆ ಆಗಿ ಬನ್ನಿ, ಫ್ಯಾಮಿಲಿಗೇ ಕೊಡೋದು' ಅಂದ್ರು. 'ಹುಡುಗೀನೂ ನೀವೇ ನೋಡ್ಬುಡಿ ಆಂಟಿ' ಅಂದೆ. ಬಾಗಿಲು ಮೂಗಿಗೆ ತಾಕ್ತು. ಇನ್ನೊಂದು ಕಡೆ ಅರ್ಚಕರ ಮನೆ. ರೂಮು ಬಂಗಾರದಂಗಿತ್ತು, ಕಿಟಕಿ ತೆಗೆದ್ರೆ ಸಂಪಿಗೆ ಮರ. ಅವರು ಮೆತ್ತಗೆ, 'ಮೊಟ್ಟೆಗಿಟ್ಟೆ ಬೇಯಿಸ್ತೀರೇನಪ್ಪ?' ಅಂದ್ರು.

'ಛೇ, ಮೊಟ್ಟೆ ಮುಟ್ಟಕಿಲ್ಲ ಸ್ವಾಮಿ. ನಾವು ಡೈರೆಕ್ಟು ಕೋಳೀನೇ.'

ಈಚೆ ಬಂದ ಮ್ಯಾಲೆ ಗೆಳೆಯ ನನ್ನ ಕಾಲರ್ ಹಿಡ್ಕೊಂಡ. 'ಲೇ, ಇನ್ಮೇಲೆ ನೀನು ಮೂಗ ಕಣ್ಲಾ. ಯಾರು ಕೇಳಿದ್ರೂ ನೀನು ಹುಟ್ಟು ಮೂಗ.'

ಅಷ್ಟರಲ್ಲಿ ಅಪ್ಪಂದು ತೀರ್ಪು ಬಂತು. 'ಸೋಮವಾರದೊಳಗೆ ರೂಮಾದ್ರೆ ಸರಿ. ಇಲ್ದಿದ್ರೆ ಪಾಸು ಮಾಡಿಸ್ಕೊಂಡು ದಿನಾ ಬಸ್ಸಲ್ಲಿ ಓಡಾಡ್ಲಾ.' ಪೂರಿಗಾಲಿಯಿಂದ ಮಳವಳ್ಳಿ, ಮಳವಳ್ಳಿಯಿಂದ ಮದ್ದೂರು, ಮದ್ದೂರಿಂದ ಮಂಡ್ಯ. ಬಸ್ಸಿಗಿಂತ ನಂಗೆ ಹೆದರಿಕೆ ಇದ್ದಿದ್ದು ಆ ಬಕೀಟಿಂದು. ಆಗ್ಲೇ ಮದ್ದೂರಿಗೆ ಸಾಗಿಸಿ ಗೆಳೆಯನ ಮನೇಲಿ ಇಟ್ಟಿದ್ದೆ. ಅದನ್ನ ಹಿಡ್ಕೊಂಡು ವಾಪಸ್ಸು ಅರಳಿಕಟ್ಟೆ ಮುಂದೆ ಹೆಂಗೆ ಹೋಗದು?

ಶನಿವಾರ ಸಾಯಂಕಾಲ ಒಂದು ಸ್ಕೂಟರ್ ಗ್ಯಾರೇಜಿನ ಮ್ಯಾಲೆ ರೂಮು ಕಾಣ್ತು. ಗ್ಯಾರೇಜಿನ ಸಾಬ್ರದ್ದೇ ಮನೆ. ರೂಮು ಎಷ್ಟು ಚಿಕ್ಕದು ಅಂದ್ರೆ, ಮಲಗಿ ಆಕಳಿಸಿದ್ರೆ ಕಾಲು ಮೆಟ್ಲಿಗೆ ಬತ್ತದೆ. ನಂಗೆ ಅರಮನೆ ಕಂಡಂಗಾಯ್ತು. ನಾನು ಮೂಗನಾಗೇ ನಿಂತಿದ್ದೆ. ಗೆಳೆಯ ಮಾತಾಡ್ದ. ಸಾಬ್ರ ಹೆಂಡತಿ, ಓನರ್ ಆಂಟಿ, ಸೊಂಟಕ್ಕೆ ಸಿಕ್ಕಿಸಿದ್ದ ಬೀಗದಕೈ ಕುಲುಕಿಸ್ಕೊಂಡು ಅಂದ್ರು:

'ಕೊಡ್ತೀನಿ ಕಣಪ್ಪ. ಆದ್ರೆ ನಾಳೆ ಬೆಳಿಗ್ಗೆ ಬಂದು ಹಾಲುಕ್ಕಿಸ್ಬೇಕು. ಹಾಲುಕ್ಕಿದ್ರೆ ಬೀಗದಕೈ.'

ನನ್ನ ಮೂಗತನ ಅಲ್ಲಿಗೆ ಮುಗೀತು. 'ಆಂಟಿ, ನಿಮ್ಮಲ್ಲೂ ಉಕ್ಕಿಸ್ತಾರಾ?'

'ನಮ್ಮಲ್ಲಿ ಉಕ್ಕಿಸ್ತಾರೋ ಬುಡ್ತಾರೋ, ಈ ರೂಮಲ್ಲಿ ಉಕ್ಕಿಸ್ಬೇಕು. ಉಕ್ಕಿಸ್ದೆ ಬಂದೋರು ಒಬ್ರೂ ನಿಂತಿಲ್ಲ. ಒಬ್ಬ ಟಿವಿ ಬುಟ್ಟು ಓಡೋದ. ಇನ್ನೊಬ್ಬ ಹೆಂಡ್ತೀನೇ ಬುಟ್ಟು ಓಡೋದ. ನಾಳೆ ಹತ್ತು ಗಂಟೆಗೆ ಒಂದು ಫ್ಯಾಮಿಲಿ ನೋಡಕ್ಕೆ ಬತ್ತದೆ. ಅಷ್ಟರೊಳಗೆ ಉಕ್ಕಿದ್ರೆ ನಿಮ್ದು, ಇಲ್ದಿದ್ರೆ ಅವರ್ದು.'

ಹಾಲುಕ್ಕಿಸೋದು ಏನು ಮಹಾ! ಒಲೆ ಮ್ಯಾಲೆ ಇಟ್ಟು ಆಚೆ ಈಚೆ ನೋಡಿದ್ರೆ ತಾನೇ ಉಕ್ತದೆ. ನಮ್ಮವ್ವ ಜೀವಮಾನವೆಲ್ಲಾ ಅದು ಉಕ್ಕಬಾರದು ಅಂತ ತಾನೆ ಕಾದಿರೋದು?

ಅವ್ವನೇ ಬಂದು ಉಕ್ಕಿಸ್ಬೇಕಿತ್ತು. ಆದ್ರೆ ಹಿಂದಿನ ದಿನವೇ ನಮ್ಮ ಹಸ ಕರ ಹಾಕಿತ್ತು, ಅದನ್ನ ಬುಟ್ಟು ಬರಂಗಿಲ್ಲ. ಭಾನುವಾರ ಮೊದಲನೇ ಬಸ್ಸಿಗೆ ಹೊರಟಾಗ ನನ್ನ ಎರಡು ಕೈಗೂ ಒಂದೊಂದು ಸ್ಟೀಲ್ ಕ್ಯಾನು ಕೊಟ್ಟು ಹೇಳಿದ್ಲು: 'ಬಲಗೈದು ಎಮ್ಮೆ ಹಾಲು, ಉಕ್ಕಿಸಕ್ಕೆ. ಎಡಗೈದು ಗಿಣ್ಣು ಹಾಲು. ಮಳವಳ್ಳಿ ಬಸ್‌ಸ್ಟ್ಯಾಂಡಿಗೆ ಚಿಕ್ಕಮ್ಮ ಬತ್ತಾಳೆ, ಅವಳಿಗೆ ಕೊಟ್ಬುಡು. ಬಲ ಹಾಲು, ಎಡ ಗಿಣ್ಣು. ತಿಳೀತೇನ್ಲಾ?'

'ನಾನೇನು ಮಗೂನಾ ಅವ್ವ?'

ಬಸ್ಸು ಹತ್ತೋವಾಗ ಕಂಬಿ ಹಿಡ್ಕೋಬೇಕಲ್ಲ, ಎರಡೂ ಕ್ಯಾನು ಒಂದೇ ಕೈಗೆ ತಕೊಂಡೆ. ಅಲ್ಲಿಗೆ ಎಡ ಬಲ ಎರಡೂ ಕಾವೇರಿ ಪಾಲು. ಮಳವಳ್ಳೀಲಿ ಚಿಕ್ಕಮ್ಮ ಕಿಟಕಿ ಕೆಳಗೆ ಸೆರಗು ಸಿಕ್ಕಿಸ್ಕೊಂಡು ನಿಂತಿದ್ಲು. ಡ್ರೈವರ್ ಹಾರ್ನ್ ಹೊಡೀತಿದ್ದ. ನಾನು ಖುಷಿಗೆ, 'ಚಿಕ್ಕಮ್ಮ, ರೂಮಾಯ್ತು ಕಣಮ್ಮ!' ಅಂತ ಕೂಗಿ ಕೈಗೆ ಸಿಕ್ಕಿದ ಕ್ಯಾನು ಕೆಳಗೆ ಇಳಿಸ್ದೆ. ಮದ್ದೂರಲ್ಲಿ ಗೆಳೆಯ ಹತ್ತಿದ, ಚಿಕ್ಕ ಗ್ಯಾಸ್ ಸಿಲಿಂಡರು, ಪಾತ್ರೆ, ನನ್ನ ಕೆಂಪು ಬಕೀಟು, ಒಂದು ಮೊಳ ಮಲ್ಲಿಗೆ ಹೂವಿನ ಸಮೇತ. ನಮ್ಮಿಬ್ಬರನ್ನ ನೋಡಿ ಪಕ್ಕದ ಸೀಟಿನಜ್ಜಿ ಕೇಳ್ತು, 'ಹೆಣ್ಣೆಲ್ಲಪ್ಪ?'

ರೂಮಲ್ಲಿ ಪೂರ್ವ ಯಾವುದು ಅಂತ ಫೋನಲ್ಲಿ ದಿಕ್ಸೂಚಿ ನೋಡಿ, ಸಿಲಿಂಡರಿಗೆ ಹೂವು ಮುಡಿಸಿ, ಪಾತ್ರೆಗೆ ಹಾಲು ಸುರಿದ್ವಿ. ಹಾಲು ಮಂದವಾಗಿ, ಹಳದಿಯಾಗಿ ಇಳೀತು. 'ನಮ್ಮ ಎಮ್ಮೆ ಹಾಲು ಅಂದ್ರೆ ಸುಮ್ನೆನಾ? ನೋಡ್ಲಾ ಕೆನೆ!' ಅಂತ ಎದೆ ತಟ್ಕೊಂಡೆ. ಆಂಟಿ ಬಾಗಿಲಲ್ಲಿ ನಿಂತ್ರು. ಮೂರೂ ಜನ ಕಣ್ಣು ಮಿಟುಕಿಸ್ದೆ ಪಾತ್ರೆ ನೋಡ್ತಾ ಇದ್ವಿ.

ಹಾಲು ಮೇಲಕ್ಕೆ ಬರಲಿಲ್ಲ. ಉರಿ ಜಾಸ್ತಿ ಮಾಡ್ದೆ, ಜಪ್ಪಯ್ಯ ಅನ್ನಲಿಲ್ಲ. ಗೆಳೆಯ ಸೌಟಲ್ಲಿ ಮುಟ್ಟಿದ. ಸೌಟು ನೆಟ್ಟಗೆ ನಿಂತ್ಕೊಂಡ್ತು.

ಆಗ ಫೋನು ಹೊಡ್ಕೊಂಡ್ತು. ಚಿಕ್ಕಮ್ಮ. 'ಏನ್ಲಾ ಇದು, ಆಗ್ಲಿಂದ ಬೆಲ್ಲ ಏಲಕ್ಕಿ ಹಾಕಿ ಬೇಯಿಸ್ತಾ ಇವ್ನಿ, ನಿಮ್ಮವ್ವನ ಗಿಣ್ಣು ಗಟ್ಟಿನೇ ಆಯ್ತಿಲ್ಲ! ಬರೀ ಉಕ್ತಾ ಅದೆ!'

ಮಳವಳ್ಳೀಲಿ ನನ್ನ ಹಾಲು ಉಕ್ಕಿ ಚೆಲ್ತಾ ಇತ್ತು. ಲೆಕ್ಕದ ಪ್ರಕಾರ ನಾನು ಚಿಕ್ಕಮ್ಮನ ಅಡುಗೆ ಮನೆಗೆ ಬಾಡಿಗೆಗೆ ಹೋಗ್ಬೇಕಿತ್ತು.

ಗೆಳೆಯ ಗೋಡೆಗೆ ಹಣೆ ಒತ್ಕೊಂಡು, 'ಹಸ ಕರ ಹಾಕಿರೋ ಮನೇಲಿ ಹುಟ್ಟಿ, ಗಿಣ್ಣು ಹಾಲು ಗೊತ್ತಾಗಲಿಲ್ವಲ್ಲೋ ನಿಂಗೆ' ಅಂದ.

'ನಿಂಗೂ ಗೊತ್ತಾಗಲಿಲ್ವಲ್ಲ?'

'ನಮ್ಮನೇಲಿ ಪ್ಯಾಕೆಟ್ ಹಾಲು ಕಣ್ಲಾ!'

ಅಷ್ಟೊತ್ತಿಗೆ ವಾಸನೆ ಹಿಡ್ಕೊಂಡು ಸಾಬ್ರು ಗ್ಯಾರೇಜಿಂದ ಮ್ಯಾಲೆ ಬಂದ್ರು, ಕೈ ತುಂಬಾ ಆಯಿಲ್ಲು. 'ಗಿಣ್ಣಾ? ಅರೆ! ಎಷ್ಟು ವರ್ಸ ಆಯ್ತು ತಿಂದು!' ಆಂಟಿ ಅವರ ಬಾಯಿಗೆ ಒಂದು ಚಮಚ ಇಟ್ಟು, ತಾವೂ ಒಂದು ಚಮಚ ತಿಂದು, ಕಣ್ಣು ಮುಚ್ಕೊಂಡ್ರು. ನಾನು ಗೆದ್ದೆ ಅಂದ್ಕೊಂಡು ಕೈ ಚಾಚಿದೆ. 'ಹಂಗಾದ್ರೆ ಬೀಗದಕೈ ಆಂಟಿ...'

'ಗಿಣ್ಣು ಗಿಣ್ಣೇ, ರೂಲು ರೂಲೇ. ಉಕ್ಕಿಲ್ಲ.' ಇನ್ನೊಂದು ಚಮಚ ತಕೊಂಡ್ರು.

ಗೆಳೆಯ ಒಂದೇ ಉಸುರಿಗೆ ಮೂಲೆ ಅಂಗಡಿಗೆ ಓಡ್ದ. ಇದ್ದಬದ್ದ ಪ್ಯಾಕೆಟ್ಟೆಲ್ಲಾ ಬಾಚ್ಕೊಂಡು ಬಂದ. ನಾನು ಗಿಣ್ಣನ್ನ ಕ್ಯಾನಿಗೆ ತುಂಬಿ, ಪಾತ್ರೆ ತೊಳೆದು, ಪ್ಯಾಕೆಟ್ಟು ಹಲ್ಲಲ್ಲೇ ಕಚ್ಚಿ ಸುರಿದೆ. ಒಂದು ಸಾಕಾಗಿತ್ತು. ಎಲ್ಲಾ ಸುರಿದೆ. ಅಂಚಿಗೆ ಬಂತು. ಕೆಳಗೆ ಆಟೋ ನಿಂತ ಸದ್ದು, ಆಮೇಲೆ ಒಂದು ಹೆಂಗಸಿನ ದನಿ: 'ಇದೇ ಇರಬೇಕು ಕಣ್ರೀ, ಮ್ಯಾಲೆ.'

'ಉಕ್ಕು ತಾಯಿ, ಉಕ್ಕವ್ವ, ನಿನ್ನ ದಮ್ಮಯ್ಯ' ಅಂತ ಪಾತ್ರೆಗೆ ಕೈ ಮುಗಿದೆ. ಮೆಟ್ಲ ಮ್ಯಾಲೆ ಚಪ್ಪಲಿ ಸದ್ದು. ಹಾಲಿನ ಮುಖ ಸುಕ್ಕಾಯ್ತು, ಉಬ್ತು, ಎದ್ದೇಬುಡ್ತು! ಪೂರ್ವಕ್ಕೆ ಉಕ್ತು, ಪಶ್ಚಿಮಕ್ಕೆ ಉಕ್ತು, ಉರಿ ಆರಿಸ್ತು, ಸಿಲಿಂಡರಿನ ಮಲ್ಲಿಗೆ ಹೂವನ್ನ ತೇಲಿಸ್ಕೊಂಡು ಹೊಸಲು ದಾಟ್ತು. ಗೆಳೆಯ ಗ್ಯಾಸ್ ತಿರುವಿ ಬಂದ್ ಮಾಡ್ದ. ನಾನು ಸಿಳ್ಳೆ ಹೊಡ್ದೆ.

ಮೆಟ್ಲಲ್ಲಿ ಗಂಡ ಹೆಂಡತಿ ಹಾಲು ತುಳಿಯಬಾರದು ಅಂತ ಗೋಡೆಗೆ ಒತ್ಕೊಂಡು ನಿಂತಿದ್ರು. ಇಳೀತಾ ಇದ್ದ ಹಾಲನ್ನ ನೋಡಿ ಆ ಹೆಂಗಸು ಗಂಡನ ತೋಳು ಹಿಡಿದ್ಲು. 'ನಡೀರಿ. ಆಗ್ಲೇ ಯಾರೋ ಹಾಲುಕ್ಕಿಸ್ಬುಟ್ಟವ್ರೆ. ಇನ್ನೊಬ್ರು ಹಾಲುಕ್ಕಿಸಿದ ಮನೆ ನಮಗ್ಯಾಕೆ?' ಬಾಡಿಗೆ ಎಷ್ಟು ಅಂತಲೂ ಕೇಳ್ದೆ ಇಳಿದು ಹೋದ್ರು.

ಆಂಟಿ ಸೊಂಟದಿಂದ ಬೀಗದಕೈ ತೆಗೆದು ನನ್ನ ಅಂಗೈ ಮ್ಯಾಲೆ ಇಟ್ರು. ನಂಗೆ ಎದೆ ತುಂಬಿ ಬಂತು. ಏನೋ ದೊಡ್ಡ ಮಾತಾಡ್ಬೇಕು ಅಂತ ಬಾಯಿ ತೆಗೆದೆ.

'ಮೊದ್ಲು ಮೆಟ್ಲು ತೊಳಿ' ಅಂದ್ರು. 'ಇರುವೆ ಬತ್ತವೆ. ಬಕೀಟು ಇದ್ಯಾ?'

ಇದ್ಯಾ ಅಂದ್ರೆ! ಅದು ಒಂದು ಇದೆ ಆಂಟಿ!