ಹಬೆ ಹಂಡೆಯ ಕೆಳಗಿನ ನಲ್ಲಿ

ರಾಮನಗರದ ನಮ್ಮ ಟ್ವಿಸ್ಟಿಂಗ್ ಶೆಡ್ಡಿನಲ್ಲಿ ಒಂದು ಹಬೆ ಹಂಡೆ ಇದೆ. ಹಂಡೆ ಎನ್ನುವುದು ನಮ್ಮ ಬಾಯಿಗೆ ರೂಢಿಯಾದ ಹೆಸರು. ನೋಡುವುದಕ್ಕೆ ಅದು ಅಡ್ಡ ಮಲಗಿಸಿದ ದಪ್ಪ ಕಬ್ಬಿಣದ ಪೀಪಾಯಿ. ಮುಂದೆ ಚಕ್ರ ತಿರುಗಿಸಿ ಬಿಗಿಯುವ ಬಾಗಿಲು, ಒಳಗೆ ಮೂರು ಅಂತಸ್ತಿನ ಜಾಲರಿ ತಟ್ಟೆ, ನೆತ್ತಿಯ ಮೇಲೆ ಒತ್ತಡ ತೋರಿಸುವ ಗೇಜು, ತಳದಲ್ಲಿ ಒಂದು ನಲ್ಲಿ. ರೇಷ್ಮೆ ಎಳೆಗಳಿಗೆ ಹುರಿ ಹಾಕಿದ ಮೇಲೆ ಆ ನೂಲಿನ ಬಾಬಿನ್‌ಗಳನ್ನು ಇದರೊಳಗಿಟ್ಟು ಹಬೆಯಲ್ಲಿ ಬೇಯಿಸುತ್ತೇವೆ. ಬೇಯಿಸದಿದ್ದರೆ ಹುರಿ ನಿಲ್ಲುವುದಿಲ್ಲ. ಸ್ವಲ್ಪ ಸಡಿಲ ಬಿಟ್ಟರೆ ಸಾಕು, ನೂಲು ತನ್ನ ಮೈಗೆ ತಾನೇ ಸುತ್ತಿಕೊಂಡು ಗುಂಜಾಗಿಬಿಡುತ್ತದೆ.

ಶೆಡ್ಡು ನನ್ನ ಗಂಡನ ಚಿಕ್ಕಮ್ಮನದು. ಅವರ ಗಂಡ ತೀರಿಹೋದ ಮೇಲೆ ಒಬ್ಬರೇ ನಡೆಸಿಕೊಂಡು ಬಂದಿದ್ದರು. ನಾನು ಮದುವೆಯಾಗಿ ಬಂದಾಗ ಬಿ.ಕಾಂ. ಮುಗಿಸಿದ್ದೆ. ನನ್ನ ಗಂಡ ಮೇಷ್ಟರು, ಬೆಳಿಗ್ಗೆ ಎಂಟಕ್ಕೆಲ್ಲ ಶಾಲೆಗೆ ಹೊರಟುಬಿಡುತ್ತಿದ್ದರು. "ಮನೇಲಿ ಒಬ್ಳೇ ಕುಂತು ಏನ್ ಮಾಡೀಯೆ, ಬಾ ಶೆಡ್‌ಗೆ" ಎಂದು ಚಿಕ್ಕಮ್ಮ ಕರೆದರು. ಹೋದೆ. ಮೊದಲು ಬಿಲ್ಲು ಬರೆಯುತ್ತಿದ್ದೆ, ಆಮೇಲೆ ಎಳೆ ಕಡಿದರೆ ಗಂಟು ಹಾಕುವುದನ್ನು ಕಲಿತೆ. ಹಾಗೇ ಹತ್ತಿರ ಹತ್ತಿರ ಆರು ವರ್ಷ ಕಳೆಯಿತು.

ನಾನು ಹುಟ್ಟಿದ್ದು ಕೈಲಾಂಚದ ಕಡೆ. ನಮ್ಮದು ಹಿಪ್ಪುನೇರಳೆ ತೋಟ, ಹುಳು ಮನೆ. ಹುಳು ಪೊರೆ ಕಳಚಲು ನಾಲ್ಕನೇ ಸಲ ಮಲಗಿದಾಗ, ಅಂದರೆ ನಾಲ್ಕನೇ ಜ್ವರಕ್ಕೆ ಹೋದಾಗ, ಅಮ್ಮ ನಮ್ಮನ್ನು ಜೋರಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ಗೂಡು ಬಿಡಿಸಿ ಚೀಲಕ್ಕೆ ತುಂಬಿ ಅಪ್ಪ ಮಾರ್ಕೆಟ್ಟಿಗೆ ಒಯ್ದರೆ ಅಲ್ಲಿಗೆ ನಮಗೂ ರೇಷ್ಮೆಗೂ ಇದ್ದ ನಂಟು ಮುಗಿಯಿತು. ಆಮೇಲೆ ಅದು ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಶೆಡ್ಡಿಗೆ ಬಂದ ಮೇಲೂ ನನ್ನದು ಅದೇ ಬುದ್ಧಿ. ಬೆಂದ ಬಾಬಿನ್ ಲೆಕ್ಕ ಮಾಡಿ ಕೊಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನೇಕಾರರ ಮಗ್ಗವನ್ನು ಒಂದು ಸಲವೂ ನೋಡಿರಲಿಲ್ಲ.

ಆ ವರ್ಷ ಚಿಕ್ಕಮ್ಮನಿಗೆ ಮಂಡಿ ಆಪರೇಷನ್ ಆಯಿತು. ಮೈಸೂರಿನಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಇರಬೇಕೆಂದು ಡಾಕ್ಟರು ಹೇಳಿದರು. ಹೊರಡುವ ದಿನ ಶೆಡ್ಡಿನ ಬೀಗದ ಕೈಯನ್ನು ನನ್ನ ಸೆರಗಿಗೆ ಅವರೇ ಕಟ್ಟಿದರು. ಅದುವರೆಗೆ ಹಬೆ ಹಂಡೆಯನ್ನು ಅವರು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಎರಡು ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದ್ದರು, ನಾನು ನೋಟ್ ಪುಸ್ತಕದಲ್ಲಿ ಎಲ್ಲ ಬರೆದುಕೊಂಡಿದ್ದೆ. ಬಾಗಿಲು ಬಿಗಿ ಮಾಡುವುದು, ಹಬೆ ಬಿಡುವುದು, ಕೆಳಗಿನ ನಲ್ಲಿ ತೆರೆದು ಮುಚ್ಚುವುದು, ಗೇಜಿನ ಮುಳ್ಳು ಕೆಂಪು ಗೀಟಿಗೆ ಬಂದ ಮೇಲೆ ನಲವತ್ತು ನಿಮಿಷ ಬಿಡುವುದು.

ಮೂರು ವಾರ ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಮಾಗಡಿಯ ನೇಕಾರರೊಬ್ಬರು ಎರಡು ಚೀಲ ಬಾಬಿನ್ ಹೊತ್ತುಕೊಂಡು ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಹತ್ತು ವರ್ಷದಿಂದ ನಮ್ಮಲ್ಲೇ ಹುರಿ ಹಾಕಿಸುತ್ತಿದ್ದವರು. ರೇಷ್ಮೆ ಅವರದೇ, ಹುರಿ ಹಾಕಿ ಬೇಯಿಸಿ ಕೊಡುವುದಷ್ಟೇ ನಮ್ಮ ಕೆಲಸ.

"ನೂಲು ಕುಣೀತೈತೆ ಕಣಮ್ಮ" ಎಂದರು, ಚೀಲ ಕೆಳಗಿಡುತ್ತ. "ಮಗ್ಗದ ಮ್ಯಾಲೆ ನಿಲ್ತಾನೇ ಇಲ್ಲ."

ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನ್ನುವಂತಾಯಿತು. "ಎಲ್ಲ ಲೆಕ್ಕದ ಪ್ರಕಾರವೇ ಬೇಯಿಸಿದ್ದೀನಲ್ಲ ಅಣ್ಣ" ಎಂದೆ. ಹೇಳುವಾಗಲೇ ನನ್ನ ದನಿ ನನಗೇ ಒಪ್ಪಲಿಲ್ಲ.

ಅವರು ಬೈಯಬಹುದಿತ್ತು. ಆ ಚೀಲಗಳನ್ನು ಹಾಗೇ ಎತ್ತಿಕೊಂಡು ಎದುರಿನ ಬೀದಿಯ ಇನ್ನೊಂದು ಶೆಡ್ಡಿಗೆ ಹೋಗಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಹೋಗಲಿಲ್ಲ. ನೀರು ಕೇಳಿ ಕುಡಿದರು. "ನೀನ್ ಒಂದ್ಸಲ ಬಂದು ನೋಡವ್ವ. ಇಲ್ಲೇ ನಿಂತ್ಕಂಡು ನಾನ್ ಹೇಳದು, ನೀನ್ ಕೇಳದು, ಅದ್ರಲ್ಲಿ ಏನೂ ಆಗಕಿಲ್ಲ" ಎಂದು ಹೇಳಿ, ಚೀಲಗಳನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೊರಟರು.

ಅವತ್ತೇ ಚನ್ನಪಟ್ಟಣದ ಫಿಟ್ಟರಿಗೆ ಫೋನ್ ಮಾಡಿದೆ. ನಮ್ಮ ಹಂಡೆಯನ್ನು ಕೂರಿಸಿದವರೇ ಅವರು. ಬಂದು ಬಾಗಿಲಿನ ರಬ್ಬರ್ ಬಳೆ ಹೊಸದು ಹಾಕಿದರು. ಗೇಜನ್ನು ಬಿಚ್ಚಿ ತಾವು ತಂದಿದ್ದ ಇನ್ನೊಂದು ಗೇಜಿನ ಜೊತೆ ಹೋಲಿಸಿದರು. ಎರಡರ ಮುಳ್ಳೂ ಒಂದೇ ಕಡೆ ನಿಂತವು. "ಮೆಷಿನ್‌ನಲ್ಲಿ ಏನೂ ತಪ್ಪಿಲ್ಲ ಮೇಡಂ" ಎಂದರು. ಮೆಷಿನ್ನಿನಲ್ಲಿ ತಪ್ಪಿಲ್ಲ ಅಂದರೆ ಉಳಿದದ್ದು ನಾನು. ಆ ರಾತ್ರಿ ಊಟ ಸೇರಲಿಲ್ಲ.

ಮಾರನೆಯ ದಿನ ಅವರ ಎರಡು ಚೀಲಗಳಲ್ಲಿ ಒಂದನ್ನು ಹೊತ್ತುಕೊಂಡು ಮಾಗಡಿ ಬಸ್ಸು ಹತ್ತಿದೆ. ನೇಕಾರರ ಮನೆ ಪೇಟೆಯ ಹಿಂದಿನ ಒಂದು ಓಣಿಯಲ್ಲಿತ್ತು. ಮುಂದಿನ ಕೋಣೆಯ ತುಂಬ ಎರಡು ಪವರ್‌ಲೂಮು. ಒಂದು ನಡೆಯುತ್ತಿತ್ತು, ಇನ್ನೊಂದನ್ನು ನಮ್ಮ ನೂಲಿನಿಂದಾಗಿ ನಿಲ್ಲಿಸಿದ್ದರು. ನಿಂತ ಮಗ್ಗದ ಮೇಲೆ ಎರಡು ಗೇಣಿನಷ್ಟು ನೇಯ್ದಿದ್ದ ಬಟ್ಟೆ ಇತ್ತು. ತಿಳಿ ಹಸಿರು. ಅದರ ಮೇಲೆ ಕೈಯಾಡಿಸಿದೆ. ಬೆವರುಸಾಲೆ ಎದ್ದ ಮೈಯಂತೆ ಬೆರಳಿಗೆ ಸಣ್ಣ ಸಣ್ಣ ಗುಳ್ಳೆ ಸಿಕ್ಕವು. ಅಡ್ಡ ಎಳೆ ಹೋಗುವಾಗ ಎಲ್ಲೆಲ್ಲಿ ಸಡಿಲವಾಗಿತ್ತೋ ಅಲ್ಲೆಲ್ಲ ಗುಂಜು ಬಿದ್ದಿತ್ತು.

ನೇಕಾರರ ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಬಾಬಿನ್ನಿನಿಂದ ನೂಲನ್ನು ಸಣ್ಣ ಕಡ್ಡಿಗೆ ಸುತ್ತಿ ಮಗ್ಗಕ್ಕೆ ಕೊಡುವ ಕೆಲಸ ಅವರದು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಬಾಬಿನ್ನಿನಿಂದ ಮೊಳದಷ್ಟು ನೂಲು ಎಳೆದರು. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಹತ್ತಿರ ತಂದರು. ನೂಲು ಸುಮ್ಮನೆ ಜೋಲಿಯ ಹಾಗೆ ಇಳಿಬಿತ್ತು.

"ಇದು ಬೆಂದೈತೆ" ಎಂದರು. ಇನ್ನೊಂದು ಬಾಬಿನ್ ತೆಗೆದುಕೊಂಡರು. ಕೈಗಳು ಅರ್ಧ ದಾರಿಗೆ ಬರುವಷ್ಟರಲ್ಲಿ ನೂಲು ತಿರುಚಿಕೊಂಡು ಹಂದಿಯ ಬಾಲವಾಯಿತು. "ಇದು ಬೆಂದಿಲ್ಲ. ನೋಡು, ಎಲ್ಲಾನೂ ಕೆಟ್ಟಿಲ್ಲ. ಮೂರಕ್ಕೆ ಒಂದು ಕೆಟ್ಟೈತೆ. ನಾನ್ ಇವ್ರಿಗೆ ಹೇಳ್ದೆ, ಇವ್ರು ಕೇಳ್ಲಿಲ್ಲ, ಎಲ್ಲಾನೂ ತುಂಬ್ಕಂಡು ಹೊಂಟ್ಬುಟ್ರು."

ಆರು ವರ್ಷ ಶೆಡ್ಡಿನಲ್ಲಿದ್ದು ಈ ಪರೀಕ್ಷೆ ನನಗೆ ಗೊತ್ತಿರಲಿಲ್ಲ. ನಾನೂ ಮಾಡಿ ನೋಡಿದೆ. ಮೊದಲ ಎರಡು ಸಲ ಕೈಗಳನ್ನು ಬೇಗ ಬೇಗ ಹತ್ತಿರ ತಂದುಬಿಟ್ಟೆ, ಏನೂ ತಿಳಿಯಲಿಲ್ಲ. ಅವರು ನನ್ನ ಮಣಿಕಟ್ಟು ಹಿಡಿದು, "ಆತುರ ಬೇಡ, ನೂಲು ತಾನೇ ಹೇಳ್ತದೆ" ಎಂದರು. ಮಧ್ಯಾಹ್ನದವರೆಗೆ ಇಬ್ಬರೂ ಕೂತು ಒಂದು ಚೀಲ ಪೂರ್ತಿ ವಿಂಗಡಿಸಿದೆವು. ಅವರು ಹೇಳಿದ್ದು ನಿಜವಾಗಿತ್ತು. ಮೂರರಲ್ಲಿ ಒಂದು ಪಾಲು ಹಸಿ. ಮುದ್ದೆ, ಅವರೆಕಾಳು ಸಾರು ಬಡಿಸಿದರು. ಹಿಂದಿನ ದಿನದಿಂದ ಸರಿಯಾಗಿ ಉಂಡಿರದ ನಾನು ಎರಡನೇ ಸಲವೂ ಹಾಕಿಸಿಕೊಂಡೆ. ಅವರ ನೂಲು ಕೆಡಿಸಿದವಳು ಅವರ ಮನೆಯಲ್ಲೇ ಕೂತು ಹೊಟ್ಟೆ ತುಂಬ ಉಂಡೆ.

ಹಸಿ ಬಾಬಿನ್‌ಗಳನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ವಾಪಸು ಬರುವಾಗ ಒಂದೇ ಯೋಚನೆ. ಮೂರರಲ್ಲಿ ಒಂದು ಅಂದರೆ ಹಂಡೆಯೊಳಗಿನ ಮೂರು ತಟ್ಟೆಗಳಲ್ಲಿ ಒಂದು ಇರಬಹುದೇ? ಯಾವ ಬಾಬಿನ್ ಯಾವ ತಟ್ಟೆಯಲ್ಲಿತ್ತು ಎಂದು ಗುರುತು ಇಟ್ಟಿರಲಿಲ್ಲ. ಮರುದಿನ ಬೇಯಿಸುವಾಗ ಮೇಲಿನ ತಟ್ಟೆಯ ಬಾಬಿನ್‌ಗಳಿಗೆ ಕೆಂಪು ದಾರ, ನಡುವಿನವಕ್ಕೆ ಬಿಳಿ, ಕೆಳಗಿನವಕ್ಕೆ ಹಸಿರು ದಾರ ಕಟ್ಟಿದೆ. ಆರಿದ ಮೇಲೆ ಒಂದೊಂದನ್ನೇ ಮೊಳ ಎಳೆದು ನೋಡಿದೆ. ಕೆಂಪು ಸುಮ್ಮನಿತ್ತು. ಬಿಳಿಯೂ ಸುಮ್ಮನಿತ್ತು. ಹಸಿರು ದಾರದ ಬಾಬಿನ್ ಒಂದೂ ಬಿಡದ ಹಾಗೆ ತಿರುಚಿಕೊಂಡಿತು.

ಕೆಳಗಿನ ತಟ್ಟೆಗೆ ಹಬೆ ಯಾಕೆ ತಾಗುತ್ತಿಲ್ಲ? ಚಿಕ್ಕಮ್ಮನಿಗೆ ಇಲ್ಲಿಯವರೆಗೆ ಏನೂ ಹೇಳಿರಲಿಲ್ಲ, ಆಪರೇಷನ್ ಆದವರಿಗೆ ಚಿಂತೆ ಯಾಕೆಂದು. ಈಗ ಬೇರೆ ದಾರಿಯಿರಲಿಲ್ಲ. ವಿಡಿಯೊ ಕಾಲ್ ಮಾಡಿದೆ. ಕಾಲು ಚಾಚಿಕೊಂಡು ಮಂಚದ ಮೇಲೆ ಕೂತಿದ್ದರು. ಕೇಳಿ ಸಿಟ್ಟಾಗಲಿಲ್ಲ, ಬೆರಗಾದರು.

"ನಂಗ್ಯಾವತ್ತೂ ಹಂಗಾಗಿಲ್ವಲ್ಲ! ನೀನು ಏನ್ ಮಾಡ್ದೆ ಹೇಳು."

ನೋಟ್ ಪುಸ್ತಕ ನೋಡಿ ಓದಿದೆ. "ಎಲ್ಲಾ ಸರಿಯಾಗೇ ಐತೆ" ಎಂದರು.

"ಚಿಕ್ಕಮ್ಮ, ನೀವು ಮಾಡೋದನ್ನ ಮಾಡಿ ತೋರಿಸಿ. ಬಾಯಲ್ಲಿ ಹೇಳ್ಬೇಡಿ" ಎಂದೆ.

ಅವರು ನಕ್ಕರು. ಪಕ್ಕದಲ್ಲಿದ್ದ ನೀರಿನ ಚೊಂಬನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಅದನ್ನೇ ಹಂಡೆ ಮಾಡಿಕೊಂಡರು. ಕಣ್ಣು ಅರೆ ಮುಚ್ಚಿ, ಬಾಗಿಲು ಬಿಗಿದರು. ಹಬೆಯ ಚಕ್ರ ತಿರುಗಿಸಿದರು. ಕೆಳಗಿನ ನಲ್ಲಿ ತೆರೆದರು. ಆಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು.

ನಾನು ಕಾದೆ. ಅವರು ಕದಲಲಿಲ್ಲ. ಫೋನು ನಿಂತುಹೋಯಿತೇನೋ ಎಂದು "ಚಿಕ್ಕಮ್ಮ?" ಎಂದೆ.

"ಇರು, ಇನ್ನೂ ಉಗುಳ್ತಾ ಐತೆ" ಎಂದರು.

"ಏನು ಉಗುಳ್ತಾ ಐತೆ?"

"ನಲ್ಲಿ ಕಣೇ. ಮೊದ್ಲು ಬುಸಬುಸ ಅಂತ ಉಗುಳ್ತದೆ. ಆಮ್ಯಾಕೆ ಒಂದೇ ಸಮ ಆಯ್ತದೆ, ಸುಯ್ ಅಂತ. ಅವಾಗ ಮುಚ್ಚದು. ನಾನ್ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ನಲ್ಲಿ ತೆರೆದು ಮುಚ್ಚುವುದು ಎಂದಷ್ಟೇ ನನ್ನ ಪುಸ್ತಕದಲ್ಲಿತ್ತು. ಹಬೆ ಕಂಡ ಕೂಡಲೇ ನಾನು ಮುಚ್ಚಿಬಿಡುತ್ತಿದ್ದೆ. ನೆಲವೆಲ್ಲ ಒದ್ದೆಯಾಗಿ ಕೆಲಸದವರು ಜಾರುತ್ತಾರೆ ಎಂಬುದೊಂದು ಕಾರಣ. ಅಷ್ಟು ಹಬೆ ಸುಮ್ಮನೆ ಪೋಲಾಗುತ್ತದಲ್ಲ ಎಂಬ ಜಾಣತನ ಇನ್ನೊಂದು. ಅದನ್ನು ಹೇಳಿದೆ.

ಚಿಕ್ಕಮ್ಮ ಚೊಂಬನ್ನು ಪಕ್ಕಕ್ಕಿಟ್ಟರು. "ತಪ್ಪು ನಂದೇ ಬುಡು. ಇಷ್ಟು ವರ್ಸ ಮಾಡಿದೀನಿ, ಕಾಯ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಇರದನ್ನ ನಿಂಗೆ ಎಂಗೆ ಹೇಳ್ಲಿ?"

ತಪ್ಪನ್ನು ತಮ್ಮ ಮೇಲೆ ಅಷ್ಟು ಸಲೀಸಾಗಿ ಹಾಕಿಕೊಂಡ ಹಿರಿಯರನ್ನು ನಾನು ಹೆಚ್ಚು ಕಂಡಿಲ್ಲ.

ಫಿಟ್ಟರಿಗೆ ಈ ವಿಷಯ ತಿಳಿಸಿದಾಗ ಅವರು ಹಣೆ ಚಚ್ಚಿಕೊಂಡರು. "ಗಾಳಿ ಮೇಡಂ, ಗಾಳಿ! ಹಬೆ ಮ್ಯಾಲಿಂದ ತುಂಬ್ಕಂಡು ಬತ್ತದೆ, ಒಳಗಿದ್ದ ಗಾಳಿ ಕೆಳೀಕೆ ಕೂತ್ಕತದೆ. ನಲ್ಲೀಲಿ ಅದು ಪೂರ್ತಿ ಹೊರಗೆ ಹೋಗ್ಬೇಕು. ನೀವು ಅರ್ಧಕ್ಕೇ ಮುಚ್ಚುಬುಟ್ರೆ ಕೆಳಗಿನ ತಟ್ಟೆ ಗಾಳೀಲೇ ಇರ್ತದೆ, ಬೇಯಲ್ಲ. ಗೇಜಿಗೆ ಗಾಳಿ ಯಾವ್ದು ಹಬೆ ಯಾವ್ದು ಅಂತ ಗೊತ್ತಾಗಲ್ಲ, ಎಲ್ಡೂ ಒತ್ತಡಾನೇ." ತಾವು ಬಂದಿದ್ದ ದಿನ ನನ್ನ ಕೈಯಲ್ಲಿ ಹಂಡೆ ನಡೆಸಿ ನೋಡಲಿಲ್ಲವಲ್ಲ ಎಂದು ಅವರಿಗೇ ಬೇಸರವಾಯಿತು. ಮುಂದಿನ ಭಾನುವಾರ ಕರೆಯದೆಯೇ ಬಂದು, ನಲ್ಲಿಯಿಂದ ಬರುವ ನೀರು, ಹಬೆ ಗೋಡೆಯಾಚೆಯ ಚರಂಡಿಗೆ ಬೀಳುವ ಹಾಗೆ ಒಂದು ಪೈಪು ಜೋಡಿಸಿಕೊಟ್ಟರು. ಅಲ್ಲಿಂದ ಮುಂದೆ ನೆಲ ಒದ್ದೆಯಾಗಲಿಲ್ಲ.

ಮಾಗಡಿಯ ಎರಡೂ ಚೀಲಗಳ ಹಸಿ ಬಾಬಿನ್‌ಗಳನ್ನು ಆರಿಸಿ ಮತ್ತೆ ಹಂಡೆಗಿಟ್ಟೆ. ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟೆ. ಚಿಕ್ಕಮ್ಮ ಹೇಳಿದ್ದಂತೆಯೇ ಮೊದಲು ಉಗುಳಿತು, ಕೆಮ್ಮಿತು, ಒಂದು ಗುಟುಕು ನೀರು ಕಾರಿತು, ಮತ್ತೆ ಉಗುಳಿತು. ಬಹಳ ಹೊತ್ತು ಹಿಡಿಯಿತು. ಇದು ನಿಲ್ಲುವುದೇ ಇಲ್ಲವೇನೋ ಎಂದು ನನಗೆ ಅನ್ನಿಸುತ್ತಿದ್ದಾಗ ಸದ್ದು ಬದಲಾಯಿತು. ಒಂದೇ ಸಮನೆ, ಸಣ್ಣಗೆ, ನೇರವಾಗಿ ಹಬೆ ಬಂತು. ಮುಚ್ಚಿದೆ.

ಅವತ್ತು ಸಂಜೆ ಕೆಳಗಿನ ತಟ್ಟೆಯ ಬಾಬಿನ್ನಿನಿಂದ ಮೊಳ ನೂಲು ಎಳೆದು, ಎರಡು ಕೈ ಹತ್ತಿರ ತಂದೆ. ನೂಲು ಮೆತ್ತಗೆ ಇಳಿಬಿತ್ತು. ಇನ್ನೊಂದು ಎಳೆದೆ, ಮತ್ತೊಂದು ಎಳೆದೆ. ಅಷ್ಟೂ ಬೆಂದಿದ್ದವು. ಶೆಡ್ಡಿನ ಹೆಂಗಸರು ಮೆಷಿನ್ ನಿಲ್ಲಿಸಿ ಬಂದು ಸುತ್ತ ನಿಂತಿದ್ದರು. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ಅವರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಬಾಬಿನ್‌ಗಳನ್ನು ಒಯ್ಯಲು ನೇಕಾರರು ಬಂದಾಗ ಹೆಂಡತಿಯೂ ಜೊತೆಗಿದ್ದರು. ಇಪ್ಪತ್ತು ವರ್ಷದಿಂದ ರೇಷ್ಮೆ ಸುತ್ತುತ್ತಿದ್ದರೂ ಹುರಿ ಹಾಕುವ ಶೆಡ್ಡನ್ನು ಅವರು ನೋಡಿರಲಿಲ್ಲವಂತೆ. ಸಾಲಾಗಿ ತಿರುಗುವ ಕದಿರುಗಳ ನಡುವೆ ನಡೆದರು. ಹಂಡೆಯ ಮುಂದೆ ನಿಂತು, "ಇದೇನಾ ನಮ್ ನೂಲು ಬೇಯ್ಸೋದು?" ಎಂದು ಕೇಳಿದರು. ಹೌದೆಂದೆ. ಬಾಗಿಲು ತೆಗೆದು ತಟ್ಟೆಗಳನ್ನು ತೋರಿಸಿದೆ. ಮಗ್ಗದ ಮೇಲಿದ್ದ ಆ ತಿಳಿ ಹಸಿರು ಬಟ್ಟೆಯ ಬಗ್ಗೆ ನಾನೇ ಹಿಂಜರಿಯುತ್ತ ಕೇಳಿದೆ.

"ಕತ್ತರ್ಸಿ ತೆಗ್ದೆ. ಮೊಮ್ಮಗಳ ಲಂಗದ ತುದೀಗೆ ಹಾಕಿ ಹೊಲ್ದೆ" ಎಂದರು. "ಗುಳ್ಳೆ ಗುಳ್ಳೆ ಐತಲ್ಲ, ಅದ್ಕೆ ಇಷ್ಟವಂತೆ. ದಿನಾ ಸವರ್ಕಂಡು ಕುಂತ್ಕತಾಳೆ."

ಚಿಕ್ಕಮ್ಮ ಕೋಲೂರಿಕೊಂಡು ಮರಳಿದಾಗ ನಾನು ಬೀಗದ ಕೈ ಬಿಚ್ಚಿ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. "ಒಸಿ ದಿನ ಇಟ್ಕಂಡಿರು" ಎಂದರು. ಆ ಒಸಿ ದಿನ ಇನ್ನೂ ಮುಗಿದಿಲ್ಲ. ಈಗ ಅವರು ಬೆಳಿಗ್ಗೆ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ, ಹನ್ನೊಂದಕ್ಕೆ ಮನೆಗೆ ಹೋಗುತ್ತಾರೆ.

ಆಮೇಲೆ ನಾನು ಕನಕಪುರಕ್ಕೆ ಹೋದೆ, ನಮ್ಮ ನೂಲು ಹೋಗುವ ಇನ್ನೂ ನಾಲ್ಕು ಮನೆಗಳಿಗೆ ಹೋದೆ. ಎಲ್ಲ ಕಡೆ ಮಗ್ಗದ ಪಕ್ಕ ಕೂತು, ನೂಲು ಹೇಗಿದೆ ಎಂದು ಕೇಳಿದೆ. ವರ್ಷಕ್ಕೊಮ್ಮೆಯಾದರೂ ಈಗಲೂ ಹೋಗುತ್ತೇನೆ. ಕೈಲಾಂಚಕ್ಕೆ ಹೋದಾಗ ಅಮ್ಮನಿಗೆ ಫೋನಿನಲ್ಲಿ ಮಾಗಡಿಯ ಮಗ್ಗದ ವಿಡಿಯೊ ತೋರಿಸಿದೆ. ಅಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು, ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು, ಮುಗಿಯುವವರೆಗೂ ನೋಡಿದರು. ಮುಗಿದ ಮೇಲೆ, "ಇನ್ನೊಂದ್ಸಲ ಹಾಕು" ಎಂದರು.