ಮುಳ್ಳು ಕೆಂಪಿಗೆ ಬೀಳುವ ಊರುಗಳು

ಭೀಮಣ್ಣನನ್ನು ಮುಂದೆ ತಂದವನು ನಾನೇ ಎಂದು ಎಂಟು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ. ಆದರೂ ಅವನ ಕಥೆ ಹೇಳಬೇಕೆಂದರೆ ಅಲ್ಲಿಂದಲೇ ಶುರು ಮಾಡಬೇಕು.

ನಾನು ಧಾರವಾಡದವನು, ಹೆಸರು ಮಧುಕರ. ಪುಣೆಯ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದೆ. ತೊಂಬತ್ಮೂರರಲ್ಲಿ ಹಡಪಸರದ ನಮ್ಮ ಸೊಸಾಯಿಟಿಗೆ ಕಂಪೌಂಡ್ ಗೋಡೆ ಕಟ್ಟಲು ಕೂಲಿಗಳು ಬಂದರು. ಅವರಲ್ಲೊಬ್ಬ ಹೆಂಡತಿಯನ್ನು 'ಏ ಚಂದಮ್ಮಾ, ನೀರ್ ತಾ' ಎಂದು ಕೂಗಿದ್ದು ಕೇಳಿ ನಾನು ಬಾಲ್ಕನಿಯಿಂದ ಇಣುಕಿದೆ. ಅವನೇ ಭೀಮಣ್ಣ. ಯಾದಗಿರಿ ಕಡೆಯ ಗಂಡ ಹೆಂಡತಿ. ಕನ್ನಡ ಕೇಳಿದ ಖುಷಿಗೆ ಚಹಾ ಕೊಡಿಸಿದೆ. ಮುಂದೆ ಅವನಿಗೆ ರೇಷನ್ ಕಾರ್ಡಿನ ಅರ್ಜಿ ತುಂಬಿಕೊಟ್ಟೆ, ಡ್ರೈವಿಂಗ್ ಲೈಸೆನ್ಸಿಗೆ ಓಡಾಡಿದೆ. ಮೂರು ವರ್ಷದಲ್ಲಿ ಅವನು ಗಾರೆ ಕಲಸುವುದು ಬಿಟ್ಟು ಯಾರದೋ ಡೀಸೆಲ್ ಸಿಕ್ಸ್ ಸೀಟರ್ ರಿಕ್ಷಾವನ್ನು ಹಡಪಸರದಿಂದ ಘಾಟಿನಾಚೆಯ ಸಾಸವಡಕ್ಕೆ ಓಡಿಸತೊಡಗಿದ. ಇಷ್ಟಕ್ಕೇ ನಾನು ದೊಡ್ಡ ಉಪಕಾರಿಯಾಗಿಬಿಟ್ಟಿದ್ದೆ.

ಚಂದಮ್ಮ ಬೆಳಿಗ್ಗೆ ಅವನ ಗಾಡಿಯಲ್ಲೇ ಸಾಸವಡಕ್ಕೆ ಹೋಗಿ ಅಂಜೂರ, ಸೀತಾಫಲ ಬುಟ್ಟಿಗಟ್ಟಲೆ ತಂದು ಹಡಪಸರದಲ್ಲಿ ಮಾರುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಅವಳ ವ್ಯಾಪಾರದಿಂದಲೇ. ಆದರೆ ಆ ಸಿಕ್ಸ್ ಸೀಟರುಗಳ ಹೊಗೆ ನೋಡಿದವರಿಗೇ ಗೊತ್ತು. ಎರಡು ವರ್ಷದಲ್ಲಿ ಅವಳಿಗೆ ಉಬ್ಬಸ ಹಿಡಿಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಔಷಧಿ ಬರೆದುಕೊಟ್ಟು, 'ಇನ್ನು ಆ ಗಾಡಿ ಹತ್ತಬೇಡ' ಎಂದರು. ಬಸ್ಸಿನಲ್ಲಿ ಬುಟ್ಟಿಗಳಿಗೆ ಜಾಗವಿಲ್ಲ. ವ್ಯಾಪಾರ ನಿಂತಿತು. ಭೀಮಣ್ಣ ಆ ದಿನಗಳಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಒಂದು ಕಂಪನಿ ಬ್ಯಾಟರಿಯಿಂದ ಓಡುವ ರಿಕ್ಷಾ ಮಾಡಿ, ಒಂದು ವರ್ಷದ ಪರೀಕ್ಷೆಗೆ ಒಳ್ಳೆಯ ಡ್ರೈವರ್ ಹುಡುಕುತ್ತಿತ್ತು. ಅಪಘಾತ ಮಾಡದವನು, ಕುಡಿಯದವನು ಬೇಕಿತ್ತು. ಹಡಪಸರದ ಸ್ಟ್ಯಾಂಡಿನಲ್ಲಿ ಕೇಳಿದರೆ ಎಲ್ಲರೂ ಭೀಮಣ್ಣನ ಕಡೆ ಬೆರಳು ತೋರಿಸಿದರಂತೆ. ಕಂಪನಿಯ ಋಷಿಕೇಶ ಎಂಬ ಅಧಿಕಾರಿ ಗಾಡಿ ಒಪ್ಪಿಸುವಾಗ ಹೇಳಿದ: ಇಂಥ ಗಾಡಿ ಕೊಳ್ಳುವವರಿಗೆ ಸರ್ಕಾರ ತೆರಿಗೆ ಬಿಟ್ಟು, ಬೆಲೆಯಲ್ಲೂ ಒಂದು ಪಾಲು ಕೊಡುವ ಯೋಜನೆ ಬರುವ ಹಾಗಿದೆ. ಅದು ಬಂದರೆ ಈ ಗಾಡಿ ನಿನ್ನ ಹೆಸರಿಗೆ. ಬರದಿದ್ದರೆ ಕಂಪನಿ ವಾಪಸು ತೆಗೆದುಕೊಳ್ಳುತ್ತದೆ.

ಮೊದಲ ವಾರವೇ ನಾನು ಆ ಗಾಡಿ ಹತ್ತಿದೆ. ಬಿಟ್ಟಿ ಸವಾರಿಯೆಂದರೆ ನಾನು ಹಿಂದೆ ಬೀಳುವವನಲ್ಲ. ಚಂದಮ್ಮ ಮುಂದೆ ಗಂಡನ ಪಕ್ಕ ಕೂತಿದ್ದಳು, ಕಾಲಡಿ ಖಾಲಿ ಬುಟ್ಟಿಗಳು. ಗಾಡಿ ಹೊರಟಿದ್ದು ನನಗೆ ಗೊತ್ತೇ ಆಗಲಿಲ್ಲ. ಇನ್ನೂ ಚಾಲೂ ಮಾಡಿಲ್ಲ ಅಂದುಕೊಂಡು 'ನಡಿಯಪ್ಪ' ಎನ್ನಲು ಬಾಯಿ ತೆರೆದರೆ ಸ್ಟ್ಯಾಂಡು ಹಿಂದೆ ಉಳಿದಿತ್ತು. ಫುರಸುಂಗಿ ದಾಟಿತು, ವಡಕಿ ದಾಟಿತು, ದಿವೆ ಘಾಟಿನ ಏರು ಬಂತು. ಆ ದಾರಿಯಲ್ಲಿ ನಾನು ನೂರು ಸಲ ಹೋಗಿದ್ದೆ, ಡೀಸೆಲ್ ಗಾಡಿಯ ಧಡಧಡಕ್ಕೆ ತಲೆ ಹಿಡಿದುಕೊಂಡು. ಅವತ್ತು ಕೆಳಗಿನ ಕೆರೆಯ ಕಡೆಯಿಂದ ಎತ್ತಿನ ಕೊರಳ ಗಂಟೆ ಕೇಳಿಸಿತು. ಹಿಂದೆ ಕೂತಿದ್ದ ಮುದುಕಿಯೊಬ್ಬಳು ತಾನೇ ಗುನುಗುತ್ತಿದ್ದ ಅಭಂಗ ಎಲ್ಲರಿಗೂ ಕೇಳುತ್ತಿದೆಯೆಂದು ನಾಚಿ ಸುಮ್ಮನಾದಳು. ಗಾಡಿ ನಿಧಾನ ಏರಿತು, ಆದರೆ ಏರಿತು. ನನ್ನ ಮೈ ಜುಮ್ಮೆಂದಿತು. ಐವತ್ತು ದಾಟಿದ ಮೇಲೆ ಒಂದು ಯಂತ್ರ ನೋಡಿ ಹಾಗೆ ಬೆರಗಾದದ್ದು ನನಗೆ ಅದೊಂದೇ ಸಲ.

'ಕೇಳ್ರಿ ಸಾಹೇಬ್ರ' ಎಂದ ಭೀಮಣ್ಣ. 'ಏನು' ಎಂದೆ. 'ಆಕಿ ಉಸುರು ಕೇಳ್ರಿ. ಸೊಂಯ್ ಅನ್ವಲ್ದು.' ನಿಜ, ಚಂದಮ್ಮನ ಎದೆಯಿಂದ ಸಿಳ್ಳೆಯ ಸದ್ದು ಬರುತ್ತಿರಲಿಲ್ಲ.

ಹೀಗೆ ಹತ್ತು ತಿಂಗಳು ಕಳೆಯಿತು. ಚಂದಮ್ಮನ ವ್ಯಾಪಾರ ಮತ್ತೆ ಹತ್ತಿತು. ಆಗ ಸುದ್ದಿ ಬಂತು: ಬ್ಯಾಟರಿ ಗಾಡಿ ಕೊಳ್ಳುವವರಿಗೆ ಸರ್ಕಾರ ಸಹಾಯ ಕೊಡಬೇಕೋ ಬೇಡವೋ ಎಂದು ಜನರ ಅಭಿಪ್ರಾಯ ಕೇಳಲು ಒಂದು ಸಮಿತಿ ಪುಣೆಗೆ ಬರುತ್ತದೆ, ಗಾಡಿ ಓಡಿಸಿದವನ ಮಾತನ್ನೂ ಕೇಳುತ್ತದೆ. ನಾನು ಕುಣಿದಾಡಿದೆ. 'ಚಲಾ ಚಲಾ ಸಾಸವಡ' ಅನ್ನುವಷ್ಟು ಮರಾಠಿ ಭೀಮಣ್ಣನಿಗೆ ಬಂದೀತು, ಅಧಿಕಾರಿಗಳೆದುರು ಅದು ಸಾಲದು ಎಂದು ನಾನೇ ತೀರ್ಮಾನಿಸಿ, ದುಭಾಷಿಯಾಗಿ ಬರುತ್ತೇನೆಂದು ಸಮಿತಿಗೆ ಪತ್ರ ಬರೆದೆ. ಅವನನ್ನು ಒಂದು ಮಾತೂ ಕೇಳಲಿಲ್ಲ. ನಾಳೆ ಸಭೆ ಅನ್ನುವಾಗ ಕರೆಸಿ ಪಾಠ ಹೇಳಿದೆ.

'ಗಾಡಿ ಭಾಳ ಚೊಲೋ ಅದ, ಸರ್ಕಾರ ಸಹಾಯ ಮಾಡಬೇಕು. ಇಷ್ಟ ಹೇಳು, ಮುಗೀತು. ಗಾಡಿ ನಿಂದಾತು ಅಂತ ತಿಳ್ಕೊ.'

'ನೋಡೂಣ್ರಿ' ಎಂದ ಅವನು.

ಸಭೆ ಸ್ಟೇಷನ್ ಹತ್ತಿರದ ಹಳೆಯ ಸರ್ಕಾರಿ ಕಟ್ಟಡದಲ್ಲಿ. ಅಧ್ಯಕ್ಷೆ ನಿವೃತ್ತ ಅಧಿಕಾರಿ, ಬಿಳಿಕೂದಲಿನ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ಬೆಳಿಗ್ಗೆ ಹನ್ನೊಂದಕ್ಕೆ ವಾದ ಶುರುವಾಯಿತು. ಒಬ್ಬ ಡೀಲರ್ ಎದ್ದು, ತೆರಿಗೆ ಪೂರ್ತಿ ಬಿಡದೆ ಯಾರೂ ಬ್ಯಾಟರಿ ಗಾಡಿ ಮುಟ್ಟುವುದಿಲ್ಲ, ಹೊಗೆಯಿಂದ ಆಸ್ಪತ್ರೆಗೆ ಸುರಿಯುವ ಹಣಕ್ಕೆ ಹೋಲಿಸಿದರೆ ಇದು ಪುಡಿಗಾಸು ಎಂದ. ಒಬ್ಬ ಪ್ರೊಫೆಸರು ಸಿಟ್ಟಿನಿಂದ, ಬಸ್ಸಿಗೆ ನಿಂತ ಬಡವನ ತೆರಿಗೆಯಲ್ಲಿ ಸ್ವಂತ ಗಾಡಿ ಕೊಳ್ಳುವವನಿಗೆ ಯಾಕೆ ಕೊಡಬೇಕು, ಆ ಹಣದಲ್ಲಿ ನೂರು ಬಸ್ಸು ತನ್ನಿ ಎಂದರು. ನನಗೆ ಇಬ್ಬರ ಮಾತೂ ಸರಿಯೆನಿಸಿತು, ಅದು ನನ್ನ ಹಳೆಯ ರೋಗ. ಆಮೇಲೆ ಭೀಮಣ್ಣನನ್ನು ಕರೆದರು. ಇಸ್ತ್ರಿ ಮಾಡಿದ ಖಾಕಿ ಅಂಗಿಯಲ್ಲಿ ಅವನು ಎದ್ದು ನಿಂತ. ಪಕ್ಕದಲ್ಲಿ ನಾನು, ಮದುವೆಮನೆಯ ಯಜಮಾನನ ಹಾಗೆ.

'ನನಗ ಓದ್ಲಕ್ಕ ಬರಾದಿಲ್ರಿ' ಎಂದು ಶುರು ಮಾಡಿದ. 'ಗಾಡ್ಯಾಗ ಚಾರ್ಜಿನ ಮುಳ್ಳು ಅದ. ಅದು ಕೆಂಪಿಗಿ ಬಿದ್ರ ಬ್ಯಾಟರಿ ಮುಗೀಲಕ್ಕ ಬಂತು ಅಂದಂಗ. ದಿನಾ ಎರಡು ಟ್ರಿಪ್ ಹೊಡೀತೀನಿ. ಎರಡ್ನೇ ಟ್ರಿಪ್ಪಿನಾಗ ಮುಳ್ಳು ಎಲ್ಲಿ ಕೆಂಪಿಗಿ ಬೀಳ್ತದ ಅಂತ ನೆಪ್ಪಿಟ್ಟೀನಿ. ಮೊದಲ್ನೇ ತಿಂಗ್ಳು ಸಾಸವಡ ಮುಟ್ಟಿದ ಮ್ಯಾಲ ಬೀಳ್ತಿತ್ತು, ಇಳಿಜಾರಿನಾಗ ಆರಾಮ್ ಹೊಳ್ಳಿ ಬರ್ತಿದ್ದೆ. ನಾಕ್ನೇ ತಿಂಗ್ಳು ಘಾಟಿನ ಮ್ಯಾಲ, ದಿವೆ ಊರಾಗ. ಆರ್ನೇ ತಿಂಗ್ಳಿಗಿ ಘಾಟಿನ ಬುಡಕ್ಕ, ವಡಕಿಗಿ. ಎಂಟಕ್ಕ ಫುರಸುಂಗಿಗಿ. ಈಗ ಹತ್ನೇ ತಿಂಗ್ಳು. ಎರಡ್ನೇ ಟ್ರಿಪ್ ಬಿಟ್ಟೀನ್ರಿ. ಒಂದ್ನೇದ್ರಾಗೇ ಘಾಟಿನಾಗ ಮಂದೀನ ಇಳಿಸಿ ನೂಕಸ್ಲತ್ತೀನಿ.'

ನಾನು ಅವನ ಅಂಗಿಯ ತೋಳು ಜಗ್ಗಿದೆ. ಅವನು ಮುಂದುವರಿಸಿದ. 'ಗಾಡಿ ಚೊಲೋ ಅದ. ಬ್ಯಾಟರಿ ವರ್ಷಕ್ಕ ಸಾಯ್ತದ. ಹೊಸಾದು ಹಾಕ್ಬೇಕಂದ್ರ ಗಾಡಿ ರೊಕ್ಕದಾಗ ಮೂರ್ನೇ ಪಾಲು. ಸರ್ಕಾರ ರೊಕ್ಕ ಕೊಡ್ಲಿ, ಬ್ಯಾಡ ಅನ್ನಲ್ಲ. ಆದ್ರ ಎಲ್ಲಾ ಕೊಳ್ಳೂ ದಿನಾನೇ ಕೊಡಬ್ಯಾಡ್ರಿ. ಬ್ಯಾಟರಿ ಸಾಯ್ತದಲ್ಲ, ಆ ದಿನ ಕೊಡ್ರಿ.'

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಕಣ್ಣ ಮುಂದೆ ಬಂದದ್ದು ಚಂದಮ್ಮನ ಎದೆ. ಈ ಮಾತು ಹೋದರೆ ಗಾಡಿ ಹೋಗುತ್ತದೆ, ಗಾಡಿ ಹೋದರೆ ಆ ಸಿಳ್ಳೆಯ ಸದ್ದು ಮತ್ತೆ ಬರುತ್ತದೆ. ಶುದ್ಧ ಮರಾಠಿಯಲ್ಲಿ ಹೇಳಿದೆ: ವಾಹನ ಬಹಳ ಉತ್ತಮವಾಗಿದೆ, ಘಾಟು ಏರುತ್ತದೆ, ದಿನಕ್ಕೆ ಎರಡು ಟ್ರಿಪ್ ಆಗುತ್ತದೆ, ಕೊಳ್ಳುವಾಗ ಸರ್ಕಾರ ನೆರವಾದರೆ ನಮ್ಮಂಥ ಬಡವರಿಗೆ ಅನುಕೂಲ ಎನ್ನುತ್ತಾನೆ. ಋಷಿಕೇಶ ನೆಮ್ಮದಿಯಿಂದ ಕುರ್ಚಿಗೆ ಒರಗಿದ.

'ಮ್ಯಾಡಮ್, ಮೀ ತಸಂ ನಾಹೀ ಮ್ಹಟಲಂ.'

ನಾನು ಹಾಗೆ ಹೇಳಲಿಲ್ಲ ಎಂದವನು ಭೀಮಣ್ಣ. ದನಿ ಏರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ತಾನು ಕನ್ನಡದಲ್ಲಿ ಹೇಳಿದ್ದನ್ನು ಮೊದಲಿನಿಂದ ಕೊನೆಯ ತನಕ ಮರಾಠಿಯಲ್ಲಿ ಹೇಳಿದ, ಹಡಪಸರದ ಸ್ಟ್ಯಾಂಡಿನ ಒರಟು ಮರಾಠಿಯಲ್ಲಿ, ಒಂದು ಊರೂ ತಪ್ಪದೆ. ಸಾಸವಡ, ದಿವೆ, ವಡಕಿ, ಫುರಸುಂಗಿ. ಅಧ್ಯಕ್ಷೆ ನಕಾಶೆ ತರಿಸಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದರು. ಮೂವತ್ತು ಪುಟದ ಕಂಪನಿಯ ವರದಿ ಅವರ ಮುಂದೆ ಮುಚ್ಚಿಕೊಂಡು ಬಿದ್ದಿತ್ತು. ಪ್ರೊಫೆಸರು ಸಿಟ್ಟು ಮರೆತು ಎದ್ದುಬಂದು ಆ ಗುರುತುಗಳನ್ನು ಬಗ್ಗಿ ನೋಡಿದರು. ಅಕ್ಷರ ಬಾರದ ಮನುಷ್ಯ ಹತ್ತು ತಿಂಗಳ ದಾರಿಯನ್ನು ತಲೆಯಲ್ಲಿಟ್ಟುಕೊಂಡು ಬಂದಿದ್ದ, ಓದಿದ ನಾವೆಲ್ಲ ಬರೀ ಅಭಿಪ್ರಾಯ ತಂದಿದ್ದೆವು. ನಾನು ಹಿಂದಿನ ಕುರ್ಚಿಗೆ ಹೋಗಿ ಕೂತೆ, ನಾಚಿಕೆಯಿಂದ ಅರ್ಧ, ಬೆರಗಿನಿಂದ ಅರ್ಧ.

ಹೊರಗೆ ಬಂದಮೇಲೆ ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೇ ಸಿಟ್ಟು ಹೆಚ್ಚು ಬರುತ್ತದಲ್ಲ.

'ಮರಾಠಿ ಇಷ್ಟು ಬರ್ತಿದ್ರ ನನ್ಯಾಕ ಮುಂದ ನಿಲ್ಲಿಸ್ಕೊಂಡಿ?'

'ನೀವು ಬರ್ತೀನಂದ್ರಿ. ದೊಡ್ಡೋರಿಗಿ ಬ್ಯಾಡ ಅನ್ನಲಕ್ಕ ಬಾಯಿ ಬರ್ಲಿಲ್ರಿ.'

'ಗಾಡಿ ಹೋತಲ್ಲೋ, ಭೀಮಣ್ಣ!'

'ಹೋಗ್ತದ್ರಿ' ಎಂದ. 'ನೀವು ನಮ್ ಸಲುವಾಗೇ ಹಂಗ ಹೇಳೀರಿ, ನನಗ ಗೊತ್ತದ' ಎಂದ. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹದಿನೈದು ದಿನದಲ್ಲಿ, ವರ್ಷ ತುಂಬುವ ಮೊದಲೇ, ಕಂಪನಿಯವರು ಪರೀಕ್ಷೆ ಮುಗಿಯಿತೆಂದು ಗಾಡಿಯನ್ನು ಟ್ರಕ್ಕಿಗೆ ಹೇರಿಕೊಂಡು ಹೋದರು. ಸಮಿತಿಯ ವರದಿ ಯಾವ ಕಪಾಟಿನಲ್ಲಿ ಕೂತಿತೋ, ಅಷ್ಟು ವರ್ಷ ಸರ್ಕಾರಿ ನೌಕರಿ ಮಾಡಿದ ನನಗೂ ಪತ್ತೆಯಾಗಲಿಲ್ಲ. ಭೀಮಣ್ಣ ಮತ್ತೆ ಡೀಸೆಲ್ ಗಾಡಿಗೆ ಹೋದ. ತಿಂಗಳಾದ ಮೇಲೆ ಒಂದು ಭಾನುವಾರ ನಾನು ಕಾಲುವೆ ದಂಡೆಯ ಅವರ ಜೋಪಡಿ ವಸ್ತಿಗೆ ಹೋದೆ, ಎಂಟು ವರ್ಷದಲ್ಲಿ ಮೊದಲ ಸಲ. ಭೀಮಣ್ಣ ಟ್ರಿಪ್ಪಿಗೆ ಹೋಗಿದ್ದ. ಚಂದಮ್ಮ ಬಾಗಿಲಲ್ಲಿ ಕೂತು ಅಂಜೂರ ಆರಿಸುತ್ತಿದ್ದಳು. ಗಂಡನ ಡೀಸೆಲ್ ಗಾಡಿಯಲ್ಲೇ ಮತ್ತೆ ಹೋಗಿ ತಂದಿದ್ದಳು. ಅವಳ ಉಸಿರು ಎರಡು ಮಾರು ದೂರದಿಂದಲೇ ಕೇಳಿಸುತ್ತಿತ್ತು.

'ಚಂದಮ್ಮ, ಅವತ್ತು ಭೀಮಣ್ಣ ಸುಮ್ಮನ ಇದ್ದಿದ್ರ ಆ ಗಾಡಿ ನಿಮಗ ಸಿಗ್ತಿತ್ರಿ' ಎಂದೆ. ಅವಳಿಗೆ ನಾನು 'ರೀ' ಹಚ್ಚಿ ಮಾತಾಡಿದ್ದು ಅವತ್ತೇ ಮೊದಲು.

'ಹೇಳೂದು ಬ್ಯಾಡ ಅಂತನೇ ಕುಂತಿದ್ದ ಅವ' ಎಂದಳು ಅವಳು, ಹಣ್ಣಿನಿಂದ ಕಣ್ಣೆತ್ತದೆ. 'ಹಿಂದಿನ ದಿನ ನಿಮ್ಮ ಮನ್ಯಾಗಿಂದ ಬಂದು, ಏನ್ ಮಾಡ್ಲಿ ಅಂತ ಕೇಳ್ದ. ನಾನೇ ಹೇಳು ಅಂದೀನ್ರಿ.'

'ಗಾಡಿ ನಿಮಗ ಬೇಕಾಗಿರಲಿಲ್ಲೇನ್ರಿ?' ಎಂದು ಕೇಳಿದೆ.

'ನನಕಿಂತ ಯಾರಿಗಿ ಬೇಕಿತ್ರಿ?' ಎಂದಳು. 'ಅದಕ್ಕೇ ಹೇಳು ಅಂದೆ. ಚೊಲೋ ಅದ ಅಂತ ಕೇಳಿ ನೂರು ಮಂದಿ ಕೊಳ್ತಾರ. ವರ್ಷಕ್ಕ ನೂರೂ ಗಾಡಿ ಘಾಟಿನಾಗ ನಿಂದರ್ತಾವ. ಆಮ್ಯಾಲ ಬ್ಯಾಟರಿ ಗಾಡಿ ಅಂದ್ರೇ ಮಂದಿ ಥೂ ಅಂತಾರ, ಮತ್ತ್ ಯಾರೂ ಮಾಡಂಗಿಲ್ಲ. ಅದು ಮ್ಯಾಲಿಂದ ಮ್ಯಾಲ ಸುಧಾರಿಸಿ ಬರ್ಬೇಕ್ರಿ. ನನ್ ಪಾಲಿಗಿ ಬರ್ದಿದ್ರ, ನನ್ನಂಥಾಕಿ ಇನ್ನೊಬ್ಬಾಕಿಗಿ ಬರ್ಲಿ.'

ಇಷ್ಟು ಮಾತಿಗೇ ಅವಳಿಗೆ ಕೆಮ್ಮು ಹತ್ತಿತು. ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡು ಬಾಗಿದಳು. ನಾನು ನೀರಿನ ತಂಬಿಗೆ ಹಿಡಿದು ನಿಂತೆ. ಕೆಮ್ಮು ನಿಲ್ಲಲಿ ಎಂದು ಕಾದೆ. ಬಹಳ ಹೊತ್ತು ನಿಲ್ಲಲಿಲ್ಲ.